ಕಲ್ಲು ತೆಗೆಯೋದಾ, ಚೀಲವನ್ನೇ ತೆಗೆಯೋದಾ?

ನಮ್ಮೂರ ಕಡೆ ಹೊಟ್ಟೇಲಿ ಕಲ್ಲು ಅಂದ್ರೆ ಬಾಳೆದಿಂಡಿನ ಪಲ್ಯ, ಹುರುಳಿ ಬೇಯಿಸಿದ ನೀರು. ಕಲ್ಲು ಕಿಡ್ನಿಯದ್ದಾ, ಪಿತ್ತಕೋಶದ್ದಾ ಅಂತ ಯಾರೂ ಕೇಳಲ್ಲ. ಕಿಡ್ನಿಯ ಸಣ್ಣ ಕಲ್ಲು ಮೂತ್ರದ ಜೊತೆ ಹೋಗಬಹುದು. ಪಿತ್ತಕೋಶದ ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೆ ಮಾತ್ರ ವಿಪರೀತ ನೋವು, ಸೋಂಕು, ಕಾಮಾಲೆ. ಇದಕ್ಕೆ ಏನು ಮಾಡಬೇಕು ಅನ್ನೋದರ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆದಿದೆ.

1867ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಜಾನ್ ಬಾಬ್ಸ್ ಎಂಬ ಸರ್ಜನ್ ಪಿತ್ತಕೋಶ ಕೊಯ್ದು, ಕಲ್ಲು ತೆಗೆದು, ಮತ್ತೆ ಹೊಲಿದರು. ರೋಗಿ ಬದುಕಿದರು. ಆದರೆ ಚೀಲ ಒಳಗೇ ಇದ್ದರೆ ಮತ್ತೆ ಕಲ್ಲು ಕಟ್ಟಬಹುದಲ್ಲ? ತಪ್ಪು ಡೇಟಾ ಹುಟ್ಟಿಸುವ ಕೋಡ್ ಹಾಗೇ ಬಿಟ್ಟು ದಿನಾ ಡೇಟಾಬೇಸ್ ಕ್ಲೀನ್ ಮಾಡಿದ ಹಾಗೆ.

ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಹಿಡಿದದ್ದು ಇದನ್ನೇ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ಈ ಚೀಲ ಬರೀ ಗೋಡೌನ್. ಆನೆ, ಕುದುರೆಗಳು ಅದಿಲ್ಲದೇ ಆರಾಮಾಗಿವೆ. ವರ್ಷಗಟ್ಟಲೆ ಶವಗಳ ಮೇಲೆ ಅಭ್ಯಾಸ ಮಾಡಿ, 1882ರ ಜುಲೈ 15ರಂದು, 16 ವರ್ಷ ನರಳಿದ್ದ 43ರ ಪ್ರಾಯದ ರೋಗಿಯ ಪಿತ್ತಕೋಶವನ್ನೇ ತೆಗೆದರು. ಆತ ಗುಣವಾದ.

ಆಪರೇಷನ್ ಇಲ್ಲದ ದಾರಿಯನ್ನೂ ಹುಡುಕಿದರು. 1970ರ ದಶಕದಲ್ಲಿ ಕಲ್ಲು ಕರಗಿಸುವ ಪಿತ್ತಾಮ್ಲದ ಮಾತ್ರೆ ಬಂತು, 1980ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಹೊರಗಿನಿಂದಲೇ ತರಂಗ ಹಾಯಿಸಿ ಕಲ್ಲು ಒಡೆದರು. ಮಾತ್ರೆ ಕೆಲಸ ಮಾಡೋದು ಕೊಲೆಸ್ಟರಾಲ್‌ನ ಸಣ್ಣ ಕಲ್ಲಿಗೆ, ಅದೂ ತಿಂಗಳುಗಟ್ಟಲೆ ನುಂಗಿದರೆ. ಕರಗಿದವರಲ್ಲೂ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ಕಲ್ಲು ವಾಪಸ್. ಲಾಂಗೆನ್‌ಬುಖ್ ಲೆಕ್ಕ ಸರಿಯಾಗೇ ಇತ್ತು.

ಉಳಿದದ್ದು ಉದ್ದನೆಯ ಗಾಯದ ಸಮಸ್ಯೆ. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗನ್ ಊರಲ್ಲಿ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದರು. ಮರುವರ್ಷ ಜರ್ಮನ್ ಸರ್ಜನ್‌ಗಳ ಸಮ್ಮೇಳನದಲ್ಲಿ ಹೇಳಿದಾಗ ಗೇಲಿಯೇ ಸಿಕ್ಕಿತು. ಒಬ್ಬ ರೋಗಿ ಸತ್ತಾಗ ಕೋರ್ಟಿನಲ್ಲಿ ಅಪರಾಧಿ ಅನ್ನಿಸಿಕೊಂಡರು. 1990ರಲ್ಲಿ ಆ ತೀರ್ಪು ರದ್ದಾಯಿತು. ಅಷ್ಟರಲ್ಲಿ ಫ್ರಾನ್ಸ್, ಅಮೆರಿಕದ ಡಾಕ್ಟರುಗಳು ಇದೇ ವಿಧಾನದಿಂದ ಹೆಸರು ಮಾಡಿಬಿಟ್ಟಿದ್ದರು. 1992ರಲ್ಲಿ ಅದೇ ಜರ್ಮನ್ ಸಂಘ ಮ್ಯೂಹೆಗೆ ಪ್ರಶಸ್ತಿ ಕೊಟ್ಟಿತು.

ಇವತ್ತು ಕಂಪನಿ ಹೆಲ್ತ್ ಚೆಕಪ್‌ನ ಸ್ಕ್ಯಾನ್‌ನಲ್ಲಿ ಕಲ್ಲು ಕಂಡರೆ ಗಾಬರಿ ಬೇಡ. ನೋವಿಲ್ಲದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು ಶುರುವಾದರೆ ಮಾತ್ರ ಹುರುಳಿ ನೀರು ಕುಡೀತಾ ದಿನ ದೂಡಬೇಡಿ, ಸರ್ಜನ್ ಹತ್ರ ಹೋಗಿ. ಜ್ವರವೋ, ಕಣ್ಣು ಹಳದಿಯೋ ಆದರೆ ಅವತ್ತೇ ಹೋಗಿ.