ಕಾರ್‌ವಾಶ್ ಅನುಮತಿ ಮತ್ತು ಸಂಚಾರದ ಲೆಕ್ಕ: ಡೊನಾಲ್ಡ್ ಶೂಪ್ ಟೀಕೆಗೆ ಒಂದು ತಿದ್ದುಪಡಿ

ಅಮೆರಿಕದ ನಗರಸಭೆಗಳಿಗೆ ಭೂಬಳಕೆಯನ್ನು ವಲಯಗಳಾಗಿ ವಿಂಗಡಿಸುವ ಅಧಿಕಾರವಿದೆ ಎಂಬುದರಲ್ಲಿ ಇಂದು ಹೆಚ್ಚಿನ ತಕರಾರಿಲ್ಲ. ನ್ಯೂಯಾರ್ಕ್ ನಗರ 1916ರಲ್ಲಿ ಸಮಗ್ರ ವಲಯ ನಿಯಮಗಳನ್ನು ತಂದಿತು. 1926ರ ಯೂಕ್ಲಿಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ಎತ್ತಿಹಿಡಿಯಿತು. ಕಾರ್‌ವಾಶ್ ತೆರೆಯಲು ವಾಣಿಜ್ಯ ವಲಯದಲ್ಲೂ ವಿಶೇಷ ಅನುಮತಿ ಬೇಕೆನ್ನುವ ಊರುಗಳು ಅನೇಕ. ಅರ್ಜಿದಾರರ ಎಂಜಿನಿಯರ್ ಸಂಚಾರ ವರದಿ ಕೊಡುತ್ತಾರೆ, ಮಂಡಳಿ ಬಹಿರಂಗ ವಿಚಾರಣೆ ನಡೆಸುತ್ತದೆ, ಅಕ್ಕಪಕ್ಕದವರು ಆಕ್ಷೇಪ ಸಲ್ಲಿಸುತ್ತಾರೆ. ಭಿನ್ನಾಭಿಪ್ರಾಯ ಹುಟ್ಟುವುದು ಆ ವರದಿಯ ಅಂಕಿಗಳ ಸುತ್ತ.

ಈ ಅಂಕಿಗಳಿಗೆ ಸಾಮಾನ್ಯ ಆಕರ ಇನ್‌ಸ್ಟಿಟ್ಯೂಟ್ ಆಫ್ ಟ್ರಾನ್ಸ್‌ಪೋರ್ಟೇಶನ್ ಎಂಜಿನಿಯರ್ಸ್ ಸಂಸ್ಥೆಯ ‘ಟ್ರಿಪ್ ಜನರೇಶನ್’ ಕೈಪಿಡಿ. ಅದರ ತೀಕ್ಷ್ಣ ವಿಮರ್ಶೆ ನಗರ ಯೋಜನಾ ವಿದ್ವಾಂಸ ಡೊನಾಲ್ಡ್ ಶೂಪ್ ಅವರದು. ಕೈಪಿಡಿಯ 1987ರ ಆವೃತ್ತಿ, ಡ್ರೈವ್-ಥ್ರೂ ಇರುವ ಫಾಸ್ಟ್‌ಫುಡ್ ಹೋಟೆಲಿನ ಪ್ರತಿ ಸಾವಿರ ಚದರಡಿಗೆ ದಿನಕ್ಕೆ 632.125 ಪ್ರಯಾಣಗಳೆಂದು ನಮೂದಿಸಿತ್ತು. ಅದಕ್ಕೆ ಆಧಾರ ಎಂಟು ಸ್ಥಳಗಳ ಎಣಿಕೆ. ಪ್ರಯಾಣಗಳ ಏರಿಳಿತದಲ್ಲಿ ಕಟ್ಟಡದ ವಿಸ್ತೀರ್ಣ ವಿವರಿಸುತ್ತಿದ್ದುದು ಶೇ. 6.9ರಷ್ಟನ್ನು ಮಾತ್ರ. ಇಂಥ ಹುಸಿ ನಿಖರತೆಯನ್ನು ಶೂಪ್ 2003ರ ಲೇಖನದಲ್ಲಿ ಬಯಲಿಗೆಳೆದರು. ಅವರ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಂದಾಜು ಪ್ರಾಮಾಣಿಕವಾದರೆ ತೀರ್ಮಾನವೂ ಸುಧಾರಿಸುತ್ತದೆ ಎಂಬ ನಿರೀಕ್ಷೆ ಅದರ ಹಿಂದಿದೆ. ಕಾರ್‌ವಾಶ್ ವಿಷಯದಲ್ಲಿ ಆ ನಿರೀಕ್ಷೆ ನಿಲ್ಲುವುದಿಲ್ಲ. ಪ್ರಯಾಣಗಳ ಸರಾಸರಿ ಎಷ್ಟೇ ಕರಾರುವಾಕ್ಕಾಗಿದ್ದರೂ ಮಂಡಳಿಯ ಮುಂದಿರುವ ಪ್ರಶ್ನೆಗೆ ಅದು ಉತ್ತರವಲ್ಲ.

ಸುರಂಗ ಮಾದರಿಯ ಕಾರ್‌ವಾಶ್ ಒಂದನ್ನು ಗಮನಿಸೋಣ. ಕಾರು ರಸ್ತೆಯಿಂದ ಒಳಕ್ಕೆ ತಿರುಗಿ, ಹಣ ಪಾವತಿಸುವ ಗೇಟಿನ ಮುಂದೆ ನಿಂತು, ಬಳಿಕ ಕನ್ವೇಯರ್ ಏರುತ್ತದೆ. ಮಿನಿಟಿಗೆ ಒಂದು ಕಾರಿನಂತೆ ಸುರಂಗ ಗಂಟೆಗೆ 60 ಕಾರುಗಳನ್ನು ತೊಳೆಯುತ್ತದೆ ಎಂದಿಟ್ಟುಕೊಳ್ಳೋಣ. ತೊಳೆಯುವ ಅವಧಿ ಸ್ಥಿರ, ಕಾರುಗಳು ಬರುವುದು ಯಾದೃಚ್ಛಿಕ. ಸರತಿ ಸಿದ್ಧಾಂತದ ಪ್ರಸಿದ್ಧ ಪೊಲಾಚೆಕ್-ಖಿಂಚಿನ್ ಸೂತ್ರದಂತೆ, ಗಂಟೆಗೆ 48 ಕಾರುಗಳು ಬಂದರೆ ಕಾಯುವ ಸಾಲಿನ ಸರಾಸರಿ ಉದ್ದ 1.6 ಕಾರು, 54 ಬಂದರೆ 4.05, 57 ಬಂದರೆ ಸುಮಾರು 9. ಬಂದ ಕಾರುಗಳು ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೆಚ್ಚಿವೆ, ಸಾಲು ಐದು ಪಟ್ಟಿಗೂ ಮೀರಿ ಬೆಳೆದಿದೆ. ಗಂಟೆಗೆ 80 ಕಾರುಗಳಂತೆ ಎರಡು ಗಂಟೆ ಬಂದರೆ 40 ಕಾರುಗಳು ಹಿಂದುಳಿಯುತ್ತವೆ. ಕಾರಿಗೆ ಆರು ಮೀಟರಿನಂತೆ ಸಾಲು 240 ಮೀಟರ್. ನಿವೇಶನದೊಳಗೆ ಹಿಡಿಸದ ಭಾಗ ರಸ್ತೆಗೆ ಬರುತ್ತದೆ. ಅಮೆರಿಕದಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ ಎದುರಿನ ಸಂಚಾರವನ್ನು ದಾಟಿ ಒಳಬರುವ ಎಡತಿರುವೇ ಅಪಾಯದ್ದು. ತಿರುಗಲು ಕಾದು ನಿಂತ ಒಂದೇ ಕಾರು ಹಿಂದಿನ ಇಡೀ ಪಥವನ್ನು ತಡೆಯಬಲ್ಲದು.

ವರದಿಗಳಲ್ಲಿ ‘ಹಾದುಹೋಗುವ ಪ್ರಯಾಣ’ ಎಂಬ ಕಡಿತ ಬರುವುದು ಇಲ್ಲೇ. ಹೇಗೂ ಆ ರಸ್ತೆಯಲ್ಲೇ ಸಾಗುತ್ತಿದ್ದ ಕಾರು ಒಳಕ್ಕೆ ತಿರುಗಿದರೆ ಅದು ಹೊಸ ಸಂಚಾರವಲ್ಲ ಎಂಬುದು ವಾದ. ರಸ್ತೆಯ ಮಟ್ಟಿಗೆ ಇದು ನ್ಯಾಯವಾದದ್ದೇ. ಆದರೆ ಬಂದ 80 ಕಾರುಗಳಲ್ಲಿ 50 ಅಂಥವಾದರೆ ರಸ್ತೆಗೆ ಹೊಸದಾಗಿ ಸೇರಿದ್ದು 30, ಗೇಟಿನ ಮುಂದೆ ನಿಂತದ್ದು 80. ಪ್ರವೇಶದ್ವಾರದ ಎಣಿಕೆಗೆ ಈ ಕಡಿತ ಸಲ್ಲದೆಂದು ಎಂಜಿನಿಯರುಗಳ ಪದ್ಧತಿಯೇ ಹೇಳುತ್ತದೆ. ಹಾಗಿದ್ದೂ ವರದಿಯ ಸಾರಾಂಶ 30ನ್ನೇ ಮುಂದಿಟ್ಟರೆ, ವಿಚಾರಣೆಯ ಚರ್ಚೆಯೂ 30ರ ಸುತ್ತಲೇ ಸುತ್ತುತ್ತದೆ. ಇನ್ನೊಂದು ತೊಡಕು ಗಂಟೆಯ ಆಯ್ಕೆಯದು. ವಾಡಿಕೆಯಂತೆ ಪರೀಕ್ಷೆಗೆ ಒಳಗಾಗುವುದು ಕೆಲಸದ ದಿನದ ಸಂಜೆ, ರಸ್ತೆ ತುಂಬಿರುವ ಹೊತ್ತು. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಎರಚಿದ ಉಪ್ಪನ್ನು ತೊಳೆಸಲು ಜನ ಮುಗಿಬೀಳುವುದು ಬಿಸಿಲು ಬಿದ್ದ ವಾರಾಂತ್ಯದಲ್ಲಿ.

ಹಾಗಾಗಿ ನನ್ನ ಪ್ರತಿಪಾದನೆ ಇದು: ಕಾರ್‌ವಾಶ್ ಪರಿಶೀಲನೆಯಲ್ಲಿ ಪ್ರಯಾಣಗಳ ಸಂಖ್ಯೆಗಿಂತ, ಅತಿ ದಟ್ಟಣೆಯ ಹೊತ್ತಿನ ಸರತಿಯ ಉದ್ದವೇ ಮುಖ್ಯ ಮಾನದಂಡವಾಗಬೇಕು. ಇದಕ್ಕೆ ಮಿತಿಗಳಿವೆ. ಮೇಲಿನ ಸರಾಸರಿಗಳು ದೀರ್ಘಕಾಲ ಒಂದೇ ಗತಿಯಲ್ಲಿ ಸಾಗುವ ಸರತಿಗೆ ಸಲ್ಲುವಂಥವು. ಒಂದೆರಡು ಗಂಟೆಯ ನೂಕುನುಗ್ಗಲಿಗೆ ಅವು ದಿಕ್ಸೂಚಿಯಷ್ಟೇ. ಉದ್ದನೆಯ ಸಾಲು ಕಂಡು ಹಲವರು ಮುಂದೆ ಹೋಗಿಬಿಡುವುದರಿಂದ 240 ಮೀಟರ್ ಎಂಬುದು ಮೇಲ್ಮಿತಿ. ಗ್ರಾಹಕರೇ ಕಾರು ತೊಳೆದುಕೊಳ್ಳುವ ಕೇಂದ್ರಗಳಿಗೆ ಬೇರೆ ಲೆಕ್ಕ ಬೇಕು. ವರ್ಷದ ಬೆರಳೆಣಿಕೆಯ ದಿನಗಳಿಗಾಗಿ ಅನುಮತಿಯನ್ನೇ ನಿರಾಕರಿಸಬೇಕೆಂದೂ ನಾನು ಹೇಳುತ್ತಿಲ್ಲ.

ಕಾನೂನು ಈ ಮಾನದಂಡಕ್ಕೆ ಅಡ್ಡ ಬರುವುದಿಲ್ಲ ಎಂದು ತೋರುತ್ತದೆ. ನ್ಯೂಯಾರ್ಕ್‌ನ ಅತ್ಯುಚ್ಚ ನ್ಯಾಯಾಲಯ 1972ರ ನಾರ್ತ್ ಶೋರ್ ಸ್ಟೇಕ್ ಹೌಸ್ ಪ್ರಕರಣದಲ್ಲಿ, ವಿಶೇಷ ಅನುಮತಿಯ ಪಟ್ಟಿಯಲ್ಲಿರುವ ಬಳಕೆ ಆ ವಲಯಕ್ಕೆ ಹೊಂದುವಂಥದ್ದೆಂದೇ ಭಾವಿಸಬೇಕೆಂದಿತು. ಬರಿಯ ಆತಂಕದಿಂದ ಅರ್ಜಿ ಬೀಳದು. ಆದರೆ 2002ರಲ್ಲಿ ರೂಸ್‌ವೆಲ್ಟ್ ಫೀಲ್ಡ್ ಮಾಲ್ ವಿಸ್ತರಣೆಯ ಪ್ರಕರಣದಲ್ಲಿ, ತಜ್ಞರ ಸಾಕ್ಷ್ಯವನ್ನು ಆಧರಿಸಿ ಸಂಚಾರದ ಕಾರಣಕ್ಕೆ ಮಂಡಳಿ ಕೊಟ್ಟ ನಿರಾಕರಣೆಯನ್ನು ಅದೇ ನ್ಯಾಯಾಲಯ ಮಾನ್ಯ ಮಾಡಿತು. ಸುಪ್ರೀಂ ಕೋರ್ಟಿನ 1994ರ ಡೋಲನ್ ತೀರ್ಪು ಇನ್ನೂ ಬೋಧಪ್ರದ. ಒರೆಗನ್ನಿನ ಟೈಗರ್ಡ್ ನಗರ, ಅಂಗಡಿಯ ವಿಸ್ತರಣೆಯಿಂದ ದಿನಕ್ಕೆ 435 ಹೆಚ್ಚುವರಿ ಪ್ರಯಾಣಗಳೆಂದು ಅಂದಾಜಿಸಿ ಸೈಕಲ್ ಪಥಕ್ಕೆ ಜಾಗ ಕೇಳಿತ್ತು. ಆ ಪಥದಿಂದ ಸಂಚಾರದ ಹೊರೆ ತಗ್ಗುತ್ತದೆಂದು ತೋರಿಸಿಲ್ಲವೆಂದು ಕೋರ್ಟ್ ಒಪ್ಪಲಿಲ್ಲ. ಸರತಿಯ ಲೆಕ್ಕವಾದರೆ ಇಂತಿಷ್ಟು ಮೀಟರ್ ಒಳಸಾಲು ಬೇಕೆಂಬ ಷರತ್ತಿಗೆ ನೇರ ಆಧಾರ ಒದಗಿಸುತ್ತದೆ.

ತಿಂಗಳ ಚಂದಾ ಕೊಟ್ಟು ಬೇಕಾದಷ್ಟು ಸಲ ತೊಳೆಸಿಕೊಳ್ಳುವ ಸದಸ್ಯತ್ವದ ಪರಿಣಾಮವನ್ನು ಇಲ್ಲಿ ಪರಿಶೀಲಿಸಿಲ್ಲ. ಅದು ಭೇಟಿಗಳನ್ನು ವಾರದುದ್ದಕ್ಕೂ ಹಂಚಬಹುದು, ಬಿಸಿಲಿನ ಶನಿವಾರದ ಜನಸಂದಣಿಯನ್ನು ಇನ್ನಷ್ಟು ಹೆಚ್ಚಿಸಲೂಬಹುದು. ಗೇಟಿನಲ್ಲೇ ದಾಖಲಾಗುವ ಸಮಯಗಳನ್ನು ಉದ್ಯಮಗಳು ಸಂಶೋಧಕರಿಗೆ ಒದಗಿಸಿದರೆ ಇದನ್ನು ಇತ್ಯರ್ಥಗೊಳಿಸಬಹುದು. ಅಲ್ಲಿಯವರೆಗೆ, ಸರತಿಯ ಲೆಕ್ಕವಿಲ್ಲದ ಸಂಚಾರ ವರದಿಯನ್ನು ಅಪೂರ್ಣವೆಂದು ಪರಿಗಣಿಸಿ ಮಂಡಳಿಗಳು ಅರ್ಜಿದಾರರಿಗೆ ಹಿಂದಿರುಗಿಸಬೇಕು.