ಪಟ್ಟಿ ಬಿದ್ದ ಹೂವು, ಹೇನು, ಮತ್ತ ನಮ್ಮ ಸೇವಂತಿಗಿ ಅಗಿ

ಈ ಸಲ ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ ಮೂರ್ನಾಲ್ಕು ಮಂದಿ ಸೇವಂತಿಗಿ ಎಲಿ ಫೋಟೋ ಕಳಿಸ್ಯಾರ. ಎಲಿ ಮ್ಯಾಲೆ ಹಸರು-ಹಳದಿ ಮಚ್ಚಿ, ಎಲಿ ಮುದುಡ್ಯಾವ, ಹೂವು ಸಣ್ಣ ಆಗ್ಯಾವ. ಎಲ್ಲಾರದೂ ಒಂದೇ ಪ್ರಶ್ನೆ: ಯಾವ ಎಣ್ಣಿ ಹೊಡೀಬೇಕು? ಈ ರೋಗಕ್ಕ ಎಣ್ಣಿ ಇಲ್ಲ ಅಂತ ಒಂದೇ ಸಾಲಿನಾಗ ಹೇಳಿದ್ರ ಯಾರೂ ನಂಬೂದಿಲ್ಲ. ಅದಕ್ಕ ಇದರ ಇತಿಹಾಸ ಬರೀತೀನಿ. ಉದ್ದ ಆಗ್ತದ, ಸಮಾಧಾನದಿಂದ ಓದ್ರಿ.

ಹಾಲೆಂಡ್ ದೇಶದಾಗ ಟುಲಿಪ್ ಅನ್ನೋ ಹೂವು ಅದ. ನಮ್ಮ ಉಳ್ಳಾಗಡ್ಡಿ ಹಂಗ ಗಡ್ಡಿಯಿಂದ ಬೆಳೀತದ. ತುರ್ಕಿ ಕಡೆಯಿಂದ ಯುರೋಪಿಗೆ ಬಂದ ಬೆಳಿ ಇದು. ಕ್ಲೂಸಿಯಸ್ ಅನ್ನೋ ಸಸ್ಯಶಾಸ್ತ್ರಜ್ಞ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕ ಬಂದು, ಅಲ್ಲಿನ ತೋಟದಾಗ ಈ ಗಡ್ಡಿ ಹಚ್ಚಿದ. ಇದರಾಗ ಒಂದು ವಿಚಿತ್ರ ಇತ್ತು. ಕೆಂಪು ಹೂವು ಬಿಡೋ ಗಡ್ಡಿ ಒಂದು ವರ್ಷ ಇದ್ದಕ್ಕಿದ್ದಂಗ, ಬಿಳೀ ಮ್ಯಾಲೆ ಬೆಂಕಿ ನಾಲಿಗಿ ಎದ್ದಂಗ ಪಟ್ಟಿ ಪಟ್ಟಿ ಹೂವು ಬಿಡ್ತಿತ್ತು. ಒಮ್ಮೆ ಹಂಗಾದ ಗಡ್ಡಿ ಮತ್ತ ಮೊದಲಿನಂಗ ಆಗ್ತಿರಲಿಲ್ಲ. ಜನ ಆ ಚೆಂದಕ್ಕ ಮರುಳಾದ್ರು. ಅಂಥಾ ಗಡ್ಡಿಯೊಳಗ 'ಸೆಂಪರ್ ಅಗಸ್ಟಸ್' ಅನ್ನೋದು ಎಲ್ಲಕ್ಕಿಂತ ತುಟ್ಟಿ. ಗಡ್ಡಿ ಇನ್ನೂ ನೆಲದಾಗ ಇರುವಾಗಲೇ ಬರೇ ಚೀಟಿ ಮ್ಯಾಲೆ ಕೊಂಡು ಮಾರೋ ವ್ಯಾಪಾರ ಶುರುವಾತು. 1637ರ ಫೆಬ್ರುವರಿಯಲ್ಲಿ ಕೊಳ್ಳೋರೇ ಇಲ್ಲದಂಗಾಗಿ ರೇಟು ಬಿದ್ದು ಹೋತು. ಆ ಹೊತ್ತಿನ್ಯಾಗ ನಮ್ಮ ಬಿಜಾಪುರದಾಗ ಗೋಳಗುಮ್ಮಟದ ಮಹಮ್ಮದ್ ಆದಿಲ್ ಶಾಹಿ ಆಳ್ತಿದ್ದ.

ಈ ಪಟ್ಟಿ ಗಡ್ಡಿ ತುಟ್ಟಿ ಯಾಕಿತ್ತು ಅಂದ್ರ, ಅದು ಹೆಚ್ಚಿಗಿ ಮರಿ ಹಾಕ್ತಿರಲಿಲ್ಲ. ವರ್ಷದಿಂದ ವರ್ಷಕ್ಕ ಸಣಕಲಾಗ್ತಿತ್ತು. ಬೆಳೆಗಾರರಿಗೆ ಅದು ಕಣ್ಣಿಗೆ ಕಾಣ್ತಿತ್ತು, ಆದ್ರ ರೋಗ ಅಂತ ಯಾರಿಗೂ ಅನಿಸಲಿಲ್ಲ. ಚೆಂದ ಇರೋದಕ್ಕ ರೋಗ ಅಂತ ಯಾರು ಅಂತಾರ? ಹೂವಿಗೆ ಪಟ್ಟಿ ಬರಿಸಬೇಕಂತ ಪಾರಿವಾಳದ ಹಿಕ್ಕಿ ಹಾಕಿದ್ರು, ಹಳೇ ಗೋಡಿಯ ಗಾರೆ ಕುಟ್ಟಿ ಹಾಕಿದ್ರು. ಇವತ್ತು ಬಾಟ್ಲಿಯೊಳಗಿನ ಟಾನಿಕ್ಕಿಗೆ ನಾವು ದುಡ್ಡು ಸುರಿಯೋದಕ್ಕೂ ಇದಕ್ಕೂ ಬಾಳ ಫರಕ್ ನನಗ ಕಾಣೂದಿಲ್ಲ.

ಖರೇ ಕಾರಣ ಸಿಗಲಿಕ್ಕ ಮುನ್ನೂರು ವರ್ಷದ ಹತ್ರ ಹಿಡೀತು. ಇಂಗ್ಲೆಂಡಿನ ಜಾನ್ ಇನ್ಸ್ ತೋಟಗಾರಿಕೆ ಸಂಸ್ಥೆಯ ಡೊರೊಥಿ ಕೇಲಿ ಅನ್ನೋ ಹೆಣ್ಣುಮಗಳು, ಪಟ್ಟಿ ಬಿದ್ದ ಗಡ್ಡಿಯ ತುಂಡು ತಗೊಂಡು ಚಲೋ ಗಡ್ಡಿಗೆ ಕಸಿ ಕಟ್ಟಿ ನೋಡಿದಳು. ಚಲೋ ಗಡ್ಡಿಗೂ ಪಟ್ಟಿ ಬಂತು. 1928ರಲ್ಲಿ ಅದನ್ನ ಪ್ರಕಟ ಮಾಡಿದಳು. ಇದು ವೈರಸ್ಸು, ದಾಟಿಸೋದು ಹೇನು ಅಂತ ಮುಂದ ಕೆಲವೇ ವರ್ಷದಾಗ ಗಟ್ಟಿ ಆತು. ವೈರಸ್ಸು ದಳದಾಗಿನ ಕೆಂಪು ಬಣ್ಣ ಅಲ್ಲಲ್ಲಿ ತಡೀತದ, ತಳದ ಬಿಳಿ ಹೊರಗ ಕಾಣ್ತದ. ಅಷ್ಟೇ ಆ ಚೆಂದದ ಗುಟ್ಟು. ಅದನ್ನ ಹೊತ್ತು ತಿರುಗೋ ಹೇನಿನೊಳಗ ಮುಖ್ಯವಾದದ್ದು, ನಮ್ಮ ಮೆಣಸಿನ ಗಿಡದ ತುದಿಯಾಗ ಕೂಡ್ತದಲ್ಲ, ಅದೇ ಹಸರು ಹೇನು.

ದೂರದ ಮಾತು ಬಿಡ್ರಿ, ನಮ್ಮ ರಾಜ್ಯದ್ದೇ ನೋಡ್ರಿ. ಮಲೆನಾಡು, ಕೊಡಗಿನ ಏಲಕ್ಕಿಗೆ 'ಕಟ್ಟೆ ರೋಗ' ಬಾಳ ಹಳೇದು. ಎಲಿಯಾಗ ತಿಳಿಹಸರು ಗೆರಿ ಬಿದ್ದು, ಗಿಡ ಗಿಡ್ಡಾಗಿ, ಮೂರ್ನಾಲ್ಕು ವರ್ಷದಾಗ ಫಲ ನಿಂತು ಹೋಗ್ತದ. ಮಣ್ಣಿನ ದೋಷ ಅನ್ನೋಣ ಅಂದ್ರ ಮಣ್ಣಿನಿಂದ ಬರೂದಿಲ್ಲ, ಬೀಜದಿಂದಲೂ ಬರೂದಿಲ್ಲ. 1945ರಲ್ಲಿ ಉಪ್ಪಲ್, ವರ್ಮಾ, ಕಪೂರ್ ಅನ್ನೋ ಮೂವರು ವಿಜ್ಞಾನಿಗಳು ಇದು ಮೊಸಾಯಿಕ್ ವೈರಸ್ಸು, ಹರಡೋದು ಬಾಳಿ ಹೇನು ಅಂತ ತೋರಿಸಿದ್ರು. ಅವರು ಮುಂಬೈ ಪ್ರಾಂತದವರು. ಆಗ ಉತ್ತರ ಕನ್ನಡ ಜಿಲ್ಲಾನೂ ನಮ್ಮ ಬಿಜಾಪುರ ಜಿಲ್ಲಾನೂ ಅದೇ ಪ್ರಾಂತದಾಗ ಇದ್ದವು. ಅದೇ ಕಪೂರ್, ವರ್ಮಾ 1948ರಲ್ಲಿ ಪಪ್ಪಾಯಿ ಮೊಸಾಯಿಕ್ ಬಗ್ಗೆನೂ ಬರದ್ರು. ಪಪ್ಪಾಯಿ ಹಚ್ಚಿ ಕಿತ್ತು ಹಾಕಿದವರಿಗೆ ಆ ರೋಗದ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ.

ಈ ಜಾತಿ ರೋಗದಾಗ ಎಣ್ಣಿ ಯಾಕ ಸೋಲ್ತದ ಅಂದ್ರ, ರೆಕ್ಕಿ ಹೇನು ಹಾರಿ ಬಂದು ಎಲಿಗೆ ಸೂಜಿಯಂಥಾ ಬಾಯಿ ಚುಚ್ಚಿ ರುಚಿ ನೋಡ್ತದ. ರೋಗ ಅಂಟಲಿಕ್ಕ ಒಂದು ನಿಮಿಷನೂ ಬ್ಯಾಡ. ರುಚಿ ಹಿಡಿಸಲಿಲ್ಲ ಅಂದ್ರ ಮುಂದಿನ ಗಿಡಕ್ಕ ಹಾರ್ತದ, ಅಲ್ಲೂ ಚುಚ್ತದ. ಎಣ್ಣಿ ಅದನ್ನ ಕೊಲ್ಲೋದ್ರೊಳಗ ಕೆಲಸ ಮುಗಿದಿರ್ತದ. ಸೇವಂತಿಗಿ ಮ್ಯಾಲೆ ಸಂಸಾರ ಹೂಡದ ಹೇನು ಸೈತ ಹಿಂಗ ಒಂದು ಚುಚ್ಚು ಚುಚ್ಚಿ ಹೋಗ್ತದ. ಹಂಗಾಗಿ ನಿಮ್ಮ ಗಿಡದಾಗ ಹೇನು ಕಾಣಲಿಲ್ಲ ಅಂದ್ರೂ ರೋಗ ಬಂದಿರಬಹುದು. ಇಂಡಿ ಲಿಂಬಿಯವರೂ ಕೇಳ್ರಿ: ಟ್ರಿಸ್ಟೆಜಾ ವೈರಸ್ಸನ್ನ ದಾಟಿಸೋದೂ ಹೇನೇ. ಆ ರೋಗ ಎಷ್ಟು ಬೇಗ ಹತ್ತತದ ಅಂದ್ರ, ಅದನ್ನ ಪತ್ತೆ ಹಚ್ಚಲಿಕ್ಕ ನಮ್ಮ ಕಾಗ್ಜಿ ಲಿಂಬಿ ಜಾತಿಯನ್ನೇ ಪರೀಕ್ಷೆ ಗಿಡ ಮಾಡಿಕೊಂಡಾರ.

ಆದ್ರ ಹೇನಿಗಿಂತ ದೂರ ರೋಗ ಒಯ್ಯೋದು ನಮ್ಮ ಕೈ. ಟುಲಿಪ್ ಗಡ್ಡಿಯೊಳಗ, ಏಲಕ್ಕಿ ಕಂದಿನೊಳಗ ಕೂತು ವೈರಸ್ಸು ಊರೂರು ತಿರುಗ್ತು. ಸೇವಂತಿಗಿ ಅಗಿ, ಬೇರಮರಿ ಬೀಗರ ಹೊಲದಿಂದ ಪುಕ್ಕಟ ತರ್ತೀವಲ್ಲ, ಅದೂ ಹಂಗೇ. ಹಾಲೆಂಡಿನಾಗ ಇವತ್ತಿಗೂ ಹೂವಿನ ಹೊಲದಾಗ ಸಾಲು ಸಾಲು ಅಡ್ಡಾಡಿ ರೋಗದ ಗಿಡ ಕಿತ್ತು ಒಗೀತಾರ. ಏಲಕ್ಕಿಗೂ ಹಂಗೇ, ರೋಗದ ಬುಡ ಸಮೂಲ ಕೀಳೋದು, ಚಲೋ ಸಸಿ ಹಚ್ಚೋದು.

ಒಂದು ಎಚ್ಚರ. ಕೀಳೂಕಿಂತ ಮೊದಲು ಚಲೋತ್ನಂಗ ನೋಡ್ರಿ. ನಮ್ಮ ಸುಣ್ಣದ ಎರಿ ಭೂಮಿಯಾಗ ಕಬ್ಬಿಣದ ಕೊರತಿಯಿಂದಲೂ ಹೊಸ ಎಲಿ ಹಳದಿ ಆಗ್ತಾವ. ಅದರಾಗ ನರ ಹಸರು, ನಡುವಿಂದೆಲ್ಲಾ ಒಂದೇ ಸಮ ಹಳದಿ. ಮೊಸಾಯಿಕ್ ಇದ್ರ ಮಚ್ಚಿ ಮಚ್ಚಿ, ಒಂದರಂಗ ಒಂದಿಲ್ಲ.

ಕೊಡಗಿನ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದವರು ಇನ್ನೊಂದು ಕೆಲಸ ಮಾಡಿದ್ರು. ಕಟ್ಟೆ ರೋಗ ಹೊಕ್ಕು ಹಾಳಾದ ತೋಟದಾಗ, ಸುತ್ತ ಎಲ್ಲಾ ಹೋದ್ರೂ ಹಸರಾಗಿ ಉಳಿದ ಗಿಡ ಹುಡುಕಿ ತಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ರು. ಅದರಿಂದ ಬಂದ ತಳಿನೇ 'ವಿಜೇತ'. ನಿಮ್ಮ ಮಡಿಯಾಗೂ ಸುತ್ತೆಲ್ಲಾ ಮುದುಡಿ ಒಂದೇ ಒಂದು ಗಿಡ ಚಲೋ ನಿಂತಿದ್ರ, ಅದಕ್ಕ ದಾರ ಕಟ್ಟಿ ಗುರುತು ಮಾಡ್ರಿ, ಒಂದು ಫೋಟೋ ನನಗ ಕಳಿಸ್ರಿ.