ಆವೇಗ ಫಲನ: ಗಣಕ ಬೀಜಗಣಿತದಲ್ಲಿ

ಆವೇಗ ಫಲನವೆಂಬುದು ಶೂನ್ಯಬಿಂದುವನ್ನುಳಿದು ಸರ್ವತ್ರ ಸೊನ್ನೆಯಾಗಿದ್ದು, ಆ ಬಿಂದುವನ್ನು ತನ್ನೊಳಗಿಟ್ಟುಕೊಂಡ ಯಾವುದೇ ಅಂತರಾಳದಲ್ಲಿ ಅನುಕಲಿಸಿದಾಗ 1 ಎಂಬ ಬೆಲೆಯನ್ನೀಯುವ ಸಾರ್ವತ್ರೀಕೃತ ಫಲನ. ಪಾಲ್ ಡಿರಾಕನು ತನ್ನ 1930ರ ಕ್ವಾಂಟಂ ಬಲವಿಜ್ಞಾನದ ಗ್ರಂಥದಿಂದ ಪ್ರಚುರಗೊಳಿಸಿದ ಈ ಕಲ್ಪನೆಗೆ ಲೊರಾನ್ ಶ್ವಾರ್ಟ್ಸ್ 1940ರ ದಶಕದಲ್ಲಿ ಶಾಸ್ತ್ರೀಯ ಆಧಾರವನ್ನೊದಗಿಸಿದನು.

ಮ್ಯಾಪಲ್, ಮ್ಯಾಥಮ್ಯಾಟಿಕ, ಸಿಂಪೈ ಮೊದಲಾದ ತಂತ್ರಾಂಶಗಳು ಇದನ್ನು ಸಂಖ್ಯೆಗಳ ಪಟ್ಟಿಯಾಗಿ ಪರಿಗಣಿಸದೆ, ಶೂನ್ಯದ ಎಡಕ್ಕೆ 0, ಬಲಕ್ಕೆ 1 ಆಗಿರುವ ಹೆವಿಸೈಡನ ಸೋಪಾನ ಫಲನದ ಅವಕಲನವೇ ಆವೇಗವೆಂಬ, ಆವೇಗದೊಡನೆ ಗುಣಿಸಿ ಅನುಕಲಿಸಿದ ಅವಿಚ್ಛಿನ್ನ ಫಲನವು ಶೂನ್ಯಬಿಂದುವಿನಲ್ಲಿನ ತನ್ನ ಬೆಲೆಯನ್ನಷ್ಟೇ ಉಳಿಸುವುದೆಂಬ ನಿಯಮಗಳಿಗೆ ಅಧೀನವಾದ ಸಂಕೇತವನ್ನಾಗಿಯೇ ಇರಿಸಿಕೊಳ್ಳುತ್ತವೆ. ಮ್ಯಾಕ್ಸಿಮಾ ಎಂಬ ತಂತ್ರಾಂಶದಲ್ಲಿ ಆವೇಗದ ಪ್ರಯೋಗ ಲಾಪ್ಲಾಸ್ ಪರಿವರ್ತನೆಗೆ ಸೀಮಿತ. ಮ್ಯಾಥಮ್ಯಾಟಿಕದಲ್ಲಿ ಸೋಪಾನಕ್ಕೆ ಎರಡು ರೂಪಗಳಿದ್ದು, ಹೆವಿಸೈಡ್‌ಥೀಟಾವನ್ನು ಅವಕಲಿಸಿದರೆ ಆವೇಗವು ಲಭಿಸುವುದು. ಯೂನಿಟ್‌ಸ್ಟೆಪ್ಪನ್ನು ಅವಕಲಿಸಿದರೆ ಶೂನ್ಯದಲ್ಲಿ ಅನಿರ್ಧಾರ್ಯವೆಂಬ ಉತ್ತರ ಬಂದು ಆವೇಗವು ಲುಪ್ತವಾಗುವುದು.

ಅತ್ಯಂತ ಸೂಕ್ಷ್ಮವಾದ ವಿಷಯವೆಂದರೆ ಅನುಕಲನದ ಎಲ್ಲೆಯೇ ಆವೇಗದ ಮೇಲೆ ಬೀಳುವ ಸಂದರ್ಭ: ಸೋಪಾನಕ್ಕೆ ಶೂನ್ಯದಲ್ಲಿ ಅರ್ಧವೆಂಬ ಬೆಲೆಯನ್ನೊಪ್ಪಿದಲ್ಲಿ ಫಲಿತವು ಅರ್ಧವಾಗುವುದು, ಲಾಪ್ಲಾಸ್ ಪರಿವರ್ತನೆಯಲ್ಲಾದರೋ, ಕೆಳಗಣ ಎಲ್ಲೆಯನ್ನು ಶೂನ್ಯದ ಎಡಭಾಗದಿಂದಲೇ ಎಣಿಸುವ ರೂಢಿಯಿಂದ ಪೂರ್ಣ 1 ದೊರೆಯುವುದು. ಆದಕಾರಣ ಎರಡು ತಂತ್ರಾಂಶಗಳ ಉತ್ತರಗಳು ಭಿನ್ನವಾದಾಗ ದೋಷವನ್ನರಸುವ ಮುನ್ನ ಸಂಪ್ರದಾಯವನ್ನು ಪರಿಶೀಲಿಸುವುದು ಯುಕ್ತ. ಆವೇಗದ ವರ್ಗಕ್ಕಾದರೋ, ಶ್ವಾರ್ಟ್ಸನ ವಿತರಣ ಸಿದ್ಧಾಂತದಲ್ಲಿ ಅರ್ಥವೇ ಇಲ್ಲ. ವಿದ್ಯುನ್ಮಂಡಲಗಳ ಹಾಗೂ ಕಂಪಿಸುವ ಯಂತ್ರಾಂಗಗಳ ಅವಕಲ ಸಮೀಕರಣಗಳಲ್ಲಿ ಕ್ಷಣಿಕ ಆಘಾತವನ್ನು ನಿರೂಪಿಸಲು ಆವೇಗ ಫಲನವು ವಿಶೇಷವಾಗಿ ಬಳಕೆಯಲ್ಲಿದೆ.